ಸಮುದ್ರದಂಚಿನ ಸಾದಾ ಒನ್ಸೆನ್ ಮನೆಯಲ್ಲಿ ಉಳಿಯುವುದು ಹೇಗೆ

ಜಪಾನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಟೋಕಿಯೊ, ಕ್ಯೋಟೊ, ಫುಜಿ ಪರ್ವತ ಇದ್ದೇ ಇರುತ್ತವೆ. ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನ, ಸೇರಿಕೊಂಡರೂ ಅದು ಹೆಚ್ಚಾಗಿ ಹಕೋನೆಯ ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಮುಗಿದುಹೋಗುತ್ತದೆ. ನಾನು ಹೇಳಹೊರಟಿರುವುದು ಅದಕ್ಕಿಂತ ಸಣ್ಣ, ಅಗ್ಗದ ಜಾಗದ ಬಗ್ಗೆ. ಸಮುದ್ರದ ಪಕ್ಕದ ಹಳ್ಳಿ, ಹತ್ತಕ್ಕಿಂತ ಕಡಿಮೆ ಕೋಣೆ, ಅಡುಗೆ ಮಾಡುವವರೂ ಲೆಕ್ಕ ಬರೆಯುವವರೂ ಒಂದೇ ಮನೆಯವರು. ಇಂಥದನ್ನು ಮಿನ್ಶುಕು ಎನ್ನುತ್ತಾರೆ. ಇದಕ್ಕಿಂತ ತುಸು ಮೇಲಿನದು ಸಣ್ಣ ರ್ಯೋಕಾನ್, ಅಂದರೆ ಜಪಾನಿ ಪದ್ಧತಿಯ ವಸತಿಗೃಹ. ಒನ್ಸೆನ್ ಊರುಗಳಲ್ಲಿ ಎರಡಕ್ಕೂ ಹೆಚ್ಚಾಗಿ ಬುಗ್ಗೆಯ ನೀರು ಮನೆಯೊಳಗೇ ಹರಿದು ಬರುತ್ತದೆ.

ಹೊರಡುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಈ ಮನೆಗಳು ಗಡಿಯಾರ ನೋಡಿಕೊಂಡು ನಡೆಯುತ್ತವೆ. ಬರುವ ಹೊತ್ತು, ಸ್ನಾನದ ಹೊತ್ತು, ಊಟದ ಹೊತ್ತು ಎಲ್ಲ ಗೊತ್ತುಮಾಡಿದ್ದು. ಆ ಹೊತ್ತಿಗೆ ನಾವು ಹೊಂದಿಕೊಂಡರೆ ಸಾದಾ ಮನೆಯೇ ಐಷಾರಾಮಿ ಹೋಟೆಲಿಗಿಂತ ಹೆಚ್ಚು ಸುಖ ಕೊಡುತ್ತದೆ. ನಾಲ್ಕು ಜಾಗ ಸುತ್ತಿಕೊಂಡು ರಾತ್ರಿ ಎಂಟಕ್ಕೆ ಹೋಗಿ ಬಿದ್ದುಕೊಳ್ಳುವ ಯೋಚನೆಯಿದ್ದರೆ ದಯವಿಟ್ಟು ಬೇರೆ ಕಡೆ ಕೋಣೆ ಹಿಡಿಯಿರಿ.

ಊರು ಆರಿಸುವುದು

ಕಡಲತೀರದ ಒನ್ಸೆನ್ ಊರುಗಳು ದೇಶದುದ್ದಕ್ಕೂ ಇವೆ. ವಾಕಾಯಾಮಾದ ಶಿರಾಹಾಮಾ, ಕ್ಯುಶುವಿನ ಬೆಪ್ಪು, ಬಿಸಿ ಮರಳಿನಲ್ಲಿ ಕುತ್ತಿಗೆವರೆಗೆ ಹೂತು ಮಲಗಿಸುವ ಇಬುಸುಕಿ, ಉತ್ತರದ ಅಓಮೊರಿಯಲ್ಲಿ ಅಲೆ ಬಡಿಯುವ ಬಂಡೆಗಳ ನಡುವೆಯೇ ಕೊಳವಿರುವ ಫುರೊಫುಶಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಜು ಪರ್ಯಾಯ ದ್ವೀಪದ ಪೂರ್ವ ಕರಾವಳಿ. ಟೋಕಿಯೊದಿಂದ ಹತ್ತಿರ, ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತದೆ, ಮೇಲಾಗಿ ತೀರ ಪೂರ್ವಕ್ಕೆ ಮುಖ ಮಾಡಿರುವುದರಿಂದ ಸೂರ್ಯ ಏಳುವುದು ನೀರಿನ ಮೇಲಿಂದಲೇ.

ಇಲ್ಲಿ ಅತಾಮಿ ಮತ್ತು ಇತೊ ದೊಡ್ಡ ಊರುಗಳು. ಅವನ್ನು ದಾಟಿ ಇಜು ಕ್ಯೂಕೊ ಎಂಬ ಖಾಸಗಿ ರೈಲು ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಹೊಕ್ಕಾವಾ, ಅತಾಗಾವಾ, ಇನಾತೊರಿ, ಇಮಾಇಹಾಮಾ ಸಾಲಾಗಿ ಸಿಗುತ್ತವೆ. ಹೊಕ್ಕಾವಾ ತೀರಾ ಸಣ್ಣದು, ನಿಶ್ಶಬ್ದ ಬೇಕಾದವರಿಗೆ. ಅತಾಗಾವಾದಲ್ಲಿ ಸ್ಟೇಷನ್ನಿಂದ ಹೊರಬಿದ್ದ ಕೂಡಲೇ ಹಬೆ ಉಗುಳುವ ಗೋಪುರಗಳು ಕಾಣುತ್ತವೆ. ಅಲ್ಲಿನ ಬುಗ್ಗೆಯ ನೀರು ಕುದಿಯುವ ಮಟ್ಟಕ್ಕೆ ಹತ್ತಿರ, ಆರಿಸಿಯೇ ಸ್ನಾನಕ್ಕೆ ಬಿಡಬೇಕು. ಇನಾತೊರಿ ಮೀನುಗಾರರ ಊರು. ಮೀನು ತಿನ್ನುವವರಾದರೆ ಎರಡನೇ ಯೋಚನೆ ಬೇಡ, ಇನಾತೊರಿಗೇ ಹೋಗಿ.

ಹೊಸ ವರ್ಷದ ವಾರ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆ, ಆಗಸ್ಟ್ ನಡುವಿನ ಒಬೋನ್ ಹಬ್ಬ ಇವನ್ನು ಬಿಟ್ಟುಬಿಡಿ. ಬೆಲೆಯೂ ಜಾಸ್ತಿ, ಜಾಗವೂ ಸಿಗದು. ಪಕ್ಕದ ಕಾವಾಜುವಿನಲ್ಲಿ ಚೆರ್ರಿ ಹೂ ಫೆಬ್ರವರಿಯಲ್ಲೇ ಅರಳುವುದರಿಂದ ಆಗಲೂ ರೈಲು ತುಂಬಿರುತ್ತದೆ. ನವೆಂಬರ್, ಡಿಸೆಂಬರಿನ ವಾರದ ದಿನಗಳು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯವು. ಗಾಳಿ ತಣ್ಣಗಿದ್ದಷ್ಟೂ ನೀರಿನ ಬೆಲೆ ತಿಳಿಯುತ್ತದೆ.

ಬುಕ್ಕಿಂಗ್: ಮೂರು ಪದ ಗೊತ್ತಿದ್ದರೆ ಸಾಕು

ಜಲಾನ್, ರಾಕುತೆನ್ ಟ್ರಾವೆಲ್‌ನಂಥ ಜಪಾನಿ ಬುಕ್ಕಿಂಗ್ ಜಾಲತಾಣಗಳಲ್ಲಿ ಸಣ್ಣ ಮನೆಗಳು ಹೆಚ್ಚು ಸಿಗುತ್ತವೆ. ಫೋನಿನ ಅನುವಾದದಿಂದಲೇ ಕೆಲಸ ನಡೆಯುತ್ತದೆ. ಬೆಲೆ ತೋರಿಸುವುದು ಸಾಮಾನ್ಯವಾಗಿ ಕೋಣೆಗಲ್ಲ, ಒಬ್ಬೊಬ್ಬರಿಗೆ. ಇಬ್ಬರು ಹೋಗುವುದಾದರೆ ಎರಡರಿಂದ ಗುಣಿಸಿ.

ಇಪ್ಪಾಕು ನಿಶೊಕು ಎಂದರೆ ಒಂದು ರಾತ್ರಿ, ಎರಡು ಊಟ: ರಾತ್ರಿಯದು ಮತ್ತು ಬೆಳಗಿನದು. ಚೋಶೊಕು ತ್ಸುಕಿ ಎಂದರೆ ಬೆಳಗಿನ ಊಟ ಮಾತ್ರ. ಸುದೊಮಾರಿ ಎಂದರೆ ಊಟವಿಲ್ಲದ ಬರೀ ವಾಸ. ಎರಡು ಊಟ ಸೇರಿ ಸಾದಾ ಮನೆಯಲ್ಲಿ ತಲೆಗೆ ಸುಮಾರು 9,000ದಿಂದ 15,000 ಯೆನ್ ಎಂದು ಲೆಕ್ಕ ಹಾಕಿಕೊಳ್ಳಿ. ಶನಿವಾರ ರಾತ್ರಿಗೆ ಏರುತ್ತದೆ. ಒಬ್ಬರೇ ಹೋಗುವವರನ್ನು ಕೆಲವು ಮನೆಗಳು ವಾರಾಂತ್ಯದಲ್ಲಿ ತೆಗೆದುಕೊಳ್ಳುವುದಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲೇ ನೇರವಾಗಿ ಹೇಳಿಬಿಡುತ್ತೇನೆ. ಕಡಲತೀರದ ಮನೆಯ ಊಟವೆಂದರೆ ಮೀನು. ಕಣ್ಣಿಗೆ ಕಾಣುವ ಮೀನಷ್ಟೇ ಅಲ್ಲ, ಸಾರು, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ರಸ ಎಲ್ಲಕ್ಕೂ ದಾಶಿ ಎಂಬ ಕಟ್ಟು ಬೀಳುತ್ತದೆ. ಅದನ್ನು ಹೆಚ್ಚಾಗಿ ಒಣಗಿಸಿದ ಕತ್ಸುಒ ಮೀನಿನಿಂದ ತೆಗೆಯುತ್ತಾರೆ. ಬರೀ ‘ವೆಜಿಟೇರಿಯನ್’ ಎಂದು ಬರೆದರೆ ಮೀನಿನ ತುಂಡು ತೆಗೆದು ಅದೇ ಸಾರನ್ನು ತಂದಿಡಬಹುದು. ಅವರದು ಮೋಸವಲ್ಲ, ಅಲ್ಲಿ ಆ ಕಲ್ಪನೆಯೇ ಬೇರೆ. ಒಬ್ಬಳೇ ಅಡುಗೆ ಮಾಡುವ ಮನೆಯಾಕೆಗೆ ಬೇರೆ ಊಟ ಕಟ್ಟಿಕೊಡಿ ಎಂದು ಹೇಳುವುದೂ ದೊಡ್ಡ ಹೊರೆ. ಹಾಗಾಗಿ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಸುದೊಮಾರಿ ತೆಗೆದುಕೊಂಡು ಊಟದ ವ್ಯವಸ್ಥೆ ತಾವೇ ಮಾಡಿಕೊಳ್ಳುವುದು ಇಬ್ಬರಿಗೂ ನೆಮ್ಮದಿ. ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಅಥವಾ ಥರ್ಮಾಸ್ ಸಾಮಾನ್ಯವಾಗಿ ಇರುತ್ತದೆ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣ, ಚಟ್ನಿಪುಡಿ ಸಾಕು. ಊರಿಂದ ಹಸಿ ಕರಿಬೇವು, ಹಣ್ಣು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಸಸ್ಯ ತಪಾಸಣೆಯವರು ಬಿಡುವುದಿಲ್ಲ. ಕೋಣೆಯಲ್ಲಿ ಒಲೆ ಹಚ್ಚುವುದು, ಒಗ್ಗರಣೆ ಹಾಕುವುದು ಬೇಡವೇ ಬೇಡ. ನೆಲಕ್ಕೆ ಹಾಸಿದ ಚಾಪೆ ಹೀರಿಕೊಂಡ ವಾಸನೆ ಬೇಗ ಹೋಗದು.

ಮೊಟ್ಟೆ, ದಾಶಿ ನಡೆಯುತ್ತದೆ, ಮಾಂಸ-ಮೀನು ಮಾತ್ರ ಬೇಡ ಎನ್ನುವವರು ಬುಕ್ ಮಾಡುವಾಗಲೇ ಜಪಾನಿಯಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಹೋದ ಮೇಲೆ ಹೇಳುವ ವಿಷಯ ಇದಲ್ಲ. ‘ನಿಕು ಮೊ ಸಕಾನಾ ಮೊ ತಬೆಮಾಸೆನ್’ ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ.

ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವುದಾದರೆ ಇನ್ನೆರಡು ಪ್ರಶ್ನೆ ಕೇಳಿ: ಲಿಫ್ಟ್ ಇದೆಯೇ, ಕೋಣೆಯಲ್ಲಿ ಕುರ್ಚಿ ಇದೆಯೇ. ಮಲಗುವುದೂ ಉಣ್ಣುವುದೂ ನೆಲದ ಮೇಲೆ. ಮಂಡಿ ನೋವಿದ್ದವರಿಗೆ ಕಷ್ಟವಾಗುತ್ತದೆ. ಶೌಚಾಲಯ ಹಲವು ಕಡೆ ಕೋಣೆಯ ಹೊರಗೆ, ಎಲ್ಲರಿಗೂ ಸೇರಿ ಇರುತ್ತದೆ.

ತಲುಪುವುದು

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ, ಆದರೆ ಇಳಿದ ದಿನವೇ ಇಜುಗೆ ಹೊರಡಬೇಡಿ. ಒಂದೆರಡು ದಿನ ಕಳೆದು, ದೊಡ್ಡ ಸೂಟ್‌ಕೇಸನ್ನು ಟೋಕಿಯೊದಲ್ಲೇ ಬಿಟ್ಟು ಒಂದು ಸಣ್ಣ ಚೀಲದೊಂದಿಗೆ ಹೋಗಿ. ಟೋಕಿಯೊ ಸ್ಟೇಷನ್ನಿಂದ ಒದೊರಿಕೊ ಎಕ್ಸ್‌ಪ್ರೆಸ್ ಹತ್ತಿದರೆ ಬದಲಾಯಿಸದೆ ಅತಾಗಾವಾ, ಇನಾತೊರಿಯವರೆಗೂ ಹೋಗಬಹುದು, ಸುಮಾರು ಎರಡೂಕಾಲು ಗಂಟೆ. ಇಲ್ಲವೇ ಕೊದಾಮಾ ಎಂಬ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಅತಾಮಿಯವರೆಗೆ ಮುಕ್ಕಾಲು ಗಂಟೆ, ಅಲ್ಲಿಂದ ಲೋಕಲ್. ಪ್ರವಾಸಿಗರ ಜೆಆರ್ ರೈಲು ಪಾಸ್ ಇತೊವರೆಗೆ ಮಾತ್ರ ನಡೆಯುತ್ತದೆ, ಮುಂದಿನ ಇಜು ಕ್ಯೂಕೊ ಮಾರ್ಗಕ್ಕೆ ಬೇರೆ ಹಣ. ಹೋಗುವಾಗ ಎಡಗಡೆಯ ಸೀಟು ಹಿಡಿಯಿರಿ, ಸಮುದ್ರ ಆ ಕಡೆ.

ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುತ್ತದೆ. ಮೂರಕ್ಕೇ ಹೋಗಿ. ರಾತ್ರಿ ಊಟ ಆರು ಅಥವಾ ಆರೂವರೆಗೆ, ಅದಕ್ಕೆ ಮೊದಲು ಒಂದು ಸ್ನಾನ ಆಗಬೇಕು. ತಡವಾಗುವುದು ಖಚಿತವಾದ ಕೂಡಲೇ ಫೋನ್ ಮಾಡಿ; ನಿಮ್ಮ ಮೀನು ಆ ಹೊತ್ತಿಗೆ ಒಲೆ ಏರಬೇಕೆಂದು ಅವರು ಲೆಕ್ಕ ಹಾಕಿ ಕುಳಿತಿರುತ್ತಾರೆ. ನಗದು ಟೋಕಿಯೊದಲ್ಲೇ ತೆಗೆದುಕೊಳ್ಳಿ. ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದಿರಬಹುದು.

ಬಾಗಿಲಿನಿಂದ ಕೋಣೆಗೆ

ಬಾಗಿಲೊಳಗೆ ಒಂದು ತಗ್ಗು, ನಂತರ ಮೆಟ್ಟಿಲಿನಷ್ಟು ಎತ್ತರದ ನೆಲ. ಶೂ ತಗ್ಗಿನಲ್ಲಿ ಬಿಟ್ಟು, ಕಾಲುಚೀಲದ ಕಾಲನ್ನು ತಗ್ಗಿನ ನೆಲಕ್ಕೆ ತಾಗಿಸದೆ ಮೇಲೆ ಹತ್ತಬೇಕು. ಒಳಗಿನ ಚಪ್ಪಲಿ ಓಣಿಗೆ ಮಾತ್ರ. ಕೋಣೆಯ ತತಾಮಿ ಚಾಪೆಯ ಮೇಲೆ ಯಾವ ಚಪ್ಪಲಿಯೂ ಇಲ್ಲ. ಶೌಚಾಲಯದೊಳಗೆ ಬೇರೆ ಚಪ್ಪಲಿ ಇರುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು. ಒಳಗೆ ಹೋಗುತ್ತ ‘ಒಸೆವಾ ನಿ ನರಿಮಾಸು’ ಎನ್ನಿ. ನಿಮ್ಮ ಆರೈಕೆಗೆ ಬಂದಿದ್ದೇವೆ ಎಂಬ ಅರ್ಥ. ಮನೆಯಾಕೆಯನ್ನು ಒಕಾಮಿ-ಸಾನ್ ಎಂದು ಕರೆಯುತ್ತಾರೆ. ಹೊರದೇಶದವರ ಪಾಸ್‌ಪೋರ್ಟ್ ನಕಲು ಇಟ್ಟುಕೊಳ್ಳುವುದು ಅಲ್ಲಿನ ನಿಯಮ, ಕೇಳಿದರೆ ಕೊಡಿ.

ಸೂಟ್‌ಕೇಸಿನ ಚಕ್ರವನ್ನು ಚಾಪೆಯ ಮೇಲೆ ಉರುಳಿಸಬೇಡಿ, ಎತ್ತಿಕೊಂಡು ಹೋಗಿ. ಗೋಡೆಯಲ್ಲಿ ಚಿತ್ರಪಟವೋ ಹೂವೋ ಇರುವ ಒಳಸರಿದ ಜಾಗ ಇದ್ದರೆ ಅದು ತೊಕೊನೊಮಾ, ಚೀಲ ಇಡುವ ಕಪಾಟಲ್ಲ. ಮೇಜಿನ ಮೇಲೆ ಹಸಿರು ಚಹಾ, ಒಂದು ಸಿಹಿ ತಿಂಡಿ ಇಟ್ಟಿರುತ್ತಾರೆ. ಅದನ್ನು ಮೊದಲು ತಿನ್ನಿ; ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗಿಳಿದರೆ ತಲೆ ಸುತ್ತಬಹುದು.

ಇನ್ನೊಂದು ಕೆಲಸ ಇದೇ ಹೊತ್ತಿನಲ್ಲಿ ಮುಗಿಸಿಬಿಡಿ. ಕೋಣೆಯಲ್ಲಿ ತೂಗುಹಾಕಿದ ನಕ್ಷೆ ನೋಡಿ, ಎತ್ತರದ ಜಾಗಕ್ಕೆ ಹೋಗುವ ದಾರಿ ಯಾವುದೆಂದು ಗುರುತಿಟ್ಟುಕೊಳ್ಳಿ. 1923ರ ಮಹಾ ಕಾಂತೊ ಭೂಕಂಪದಲ್ಲಿ ಅತಾಮಿ, ಇತೊ ತೀರಕ್ಕೆ ಸುನಾಮಿ ಅಪ್ಪಳಿಸಿತ್ತು. ಜೋರಾಗಿ ಅಥವಾ ಬಹಳ ಹೊತ್ತು ನೆಲ ನಡುಗಿದರೆ ಯಾರ ಸೂಚನೆಗೂ ಕಾಯದೆ, ಮೈಮೇಲೆ ಕೋಣೆಯ ನಿಲುವಂಗಿಯಷ್ಟೇ ಇದ್ದರೂ ಸರಿ, ಗುಡ್ಡದ ಕಡೆ ನಡೆಯಿರಿ.

ಯುಕಾತಾ ಎಂದರೆ ಕೋಣೆಯಲ್ಲಿ ಮಡಿಸಿಟ್ಟ ಹತ್ತಿ ನಿಲುವಂಗಿ. ಸ್ನಾನಕ್ಕೂ ಊಟಕ್ಕೂ ನಿದ್ದೆಗೂ ಅದೇ. ಬಲಗಡೆಯ ಅಂಚು ಒಳಗೆ, ಎಡಗಡೆಯದು ಮೇಲೆ. ಇದನ್ನು ಮಾತ್ರ ಅದಲುಬದಲು ಮಾಡಬೇಡಿ, ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಶವಕ್ಕೆ.

ಸ್ನಾನ

ನಮ್ಮವರು ಹಿಂಜರಿಯುವುದು ಇಲ್ಲಿ. ಹೌದು, ಬಟ್ಟೆಯಿಲ್ಲದೆ ಇಳಿಯಬೇಕು, ಈಜುಡುಪು ನಡೆಯುವುದಿಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಬಾಗಿಲ ಪರದೆ ಹೆಚ್ಚಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಬಣ್ಣವನ್ನೇ ನಂಬದೆ ಅಕ್ಷರವನ್ನೂ ನೋಡಿ. ಗಂಡಸರ ಅಕ್ಷರದ ಮೇಲ್ಭಾಗದಲ್ಲಿ ನಾಲ್ಕು ಖಾನೆಗಳ ಚೌಕವಿರುತ್ತದೆ. ಚೌಕವೇ ಇಲ್ಲದೆ ಮೂರು ಗೆರೆಗಳು ಹಾದುಹೋಗಿದ್ದರೆ ಅದು ಹೆಂಗಸರದು. ಸಂಕೋಚ ತೀರಾ ಹೆಚ್ಚಿದ್ದರೆ, ಮೈಮೇಲೆ ಹಚ್ಚೆಯಿದ್ದರೆ, ಗಂಡ ಹೆಂಡತಿ ಮಕ್ಕಳು ಜೊತೆಗೇ ಇಳಿಯಬೇಕೆಂದಿದ್ದರೆ ಕಾಶಿಕಿರಿ ಸ್ನಾನ ಇರುವ ಮನೆಯನ್ನೇ ಆರಿಸಿ. ಒಳಗಿಂದ ಚಿಲಕ ಹಾಕಿಕೊಂಡು ಅರ್ಧ ಮುಕ್ಕಾಲು ಗಂಟೆ ನಿಮ್ಮವರಷ್ಟೇ ಇರಬಹುದು.

ಬಟ್ಟೆ ಬಿಚ್ಚುವ ಕೋಣೆಯ ಗೋಡೆಯ ಮೇಲೆ ಒಂದು ಪತ್ರ ತೂಗುಹಾಕಿರುತ್ತಾರೆ. 1948ರ ಒನ್ಸೆನ್ ಕಾನೂನಿನ ಪ್ರಕಾರ ಒನ್ಸೆನ್ ಎನಿಸಿಕೊಳ್ಳಲು ಬುಗ್ಗೆಯಲ್ಲಿ ನೀರು ಕನಿಷ್ಠ 25 ಡಿಗ್ರಿ ಬಿಸಿಯಿರಬೇಕು, ಇಲ್ಲವೇ ಗೊತ್ತುಮಾಡಿದ 19 ವಸ್ತುಗಳಲ್ಲಿ ಒಂದಾದರೂ ಸಾಕಷ್ಟಿರಬೇಕು. ಆ ನೀರಿನಲ್ಲಿ ಏನೇನಿದೆ, ಯಾರಿಗೆ ಒಳ್ಳೆಯದಲ್ಲ ಎಂಬ ವಿವರ ಅಲ್ಲಿರುತ್ತದೆ. ಫೋನಿನಲ್ಲಿ ಅನುವಾದಿಸಿ ಓದಬೇಕೆಂದರೆ ಮನೆಯವರ ಅನುಮತಿ ಕೇಳಿ, ಯಾರೂ ಇಲ್ಲದಾಗ ಓದಿ. ಹಾಗಲ್ಲದೆ ಈ ಕೋಣೆಯಲ್ಲಿ ಫೋನ್ ಹೊರತೆಗೆಯುವುದು ಸಾಮಾನ್ಯವಾಗಿ ಎಲ್ಲೆಡೆ ನಿಷಿದ್ಧ. ಬೆಳ್ಳಿಯ ಕಾಲುಂಗುರ, ಸರ ಕೋಣೆಯಲ್ಲೇ ಬಿಚ್ಚಿಟ್ಟು ಬನ್ನಿ, ಗಂಧಕವಿರುವ ನೀರಾದರೆ ಬೆಳ್ಳಿ ಕಪ್ಪಾಗುತ್ತದೆ.

ಮೊದಲು ಮೈ ತೊಳೆಯಬೇಕು, ಆಮೇಲೆ ಕೊಳ. ಗೋಡೆಯುದ್ದಕ್ಕೂ ಶವರ್, ಮುಂದೆ ಗಿಡ್ಡ ಮಣೆ, ಬೋಗುಣಿ. ಹಳ್ಳಿಯ ಬಚ್ಚಲಲ್ಲಿ ಮಣೆ ಹಾಕಿಕೊಂಡು ಹಂಡೆಯಿಂದ ಮೊಗೆದು ಹುಯ್ದುಕೊಂಡ ಹಾಗೆಯೇ, ಕೂತು ಸ್ನಾನ. ನಿಂತು ಮಾಡಿದರೆ ಪಕ್ಕದವರಿಗೆ ಸಿಡಿಯುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರೆ ಶಾಂಪೂ ಹಾಕಿ ಪೂರ್ತಿ ತೆಗೆಯಿರಿ. ಇದನ್ನು ನಮ್ಮವರಿಗೆಂದೇ ಒತ್ತಿ ಹೇಳುತ್ತಿದ್ದೇನೆ. ಹತ್ತು ಜನ ಇಳಿಯುವ ನೀರಿನ ಮೇಲೆ ಕೊಬ್ಬರಿ ಎಣ್ಣೆಯ ಪದರ ತೇಲಿದರೆ ಸಣ್ಣ ಮನೆಯವರು ಕೊಳವನ್ನೇ ಖಾಲಿ ಮಾಡಿ ತೊಳೆಯಬೇಕಾಗುತ್ತದೆ. ಉದ್ದ ಕೂದಲನ್ನು ಎತ್ತಿ ಕಟ್ಟಿ. ಎದ್ದು ಹೋಗುವಾಗ ಮಣೆಗೆ ನೀರು ಹುಯ್ದು, ಬೋಗುಣಿ ಬೋರಲು ಹಾಕಿ. ಮುಟ್ಟಿನ ದಿನಗಳಲ್ಲಿ ಕೂಡು ಕೊಳಕ್ಕೆ ಇಳಿಯುವುದು ಬೇಡ, ಡೈಪರ್ ಬಿಡದ ಮಗುವನ್ನೂ ಇಳಿಸುವುದಿಲ್ಲ.

ಕೊಳದ ನೀರು 41, 42 ಡಿಗ್ರಿ ಇರುತ್ತದೆ. ಒಮ್ಮೆಲೇ ಧುಮುಕಬೇಡಿ. ಬೋಗುಣಿಯಲ್ಲಿ ಕೊಳದ ನೀರನ್ನೇ ಮೊಗೆದು ಪಾದಕ್ಕೆ, ತೊಡೆಗೆ, ಹೆಗಲಿಗೆ ಹುಯ್ದುಕೊಂಡು ಮೈ ಒಗ್ಗಿಸಿ, ಆಮೇಲೆ ಮೆಲ್ಲಗೆ ಇಳಿಯಿರಿ. ಮೊದಲ ಅರ್ಧ ನಿಮಿಷ ಚರ್ಮ ಚುರುಗುಟ್ಟುತ್ತದೆ. ಅಲುಗಾಡದೆ ಕೂತರೆ ತಡೆದುಕೊಳ್ಳಬಹುದು. ಕೈಕಾಲು ಆಡಿಸಿದಷ್ಟೂ ಸುಡುತ್ತದೆ. ಸಣ್ಣ ಟವೆಲನ್ನು ನೀರಿಗೆ ಅದ್ದಬಾರದು, ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳುವುದು ವಾಡಿಕೆ. ಮೊದಲ ಸಲ ಐದು ನಿಮಿಷ ಸಾಕು. ಎದ್ದು ಅಂಚಿನಲ್ಲಿ ಕೂತು, ಸಮುದ್ರದ ಗಾಳಿಗೆ ಮೈಯೊಡ್ಡಿ, ಮತ್ತೆ ಇಳಿಯಿರಿ.

ತೀರದ ಬುಗ್ಗೆಗಳಲ್ಲಿ ಹೆಚ್ಚಿನವು ಉಪ್ಪುನೀರು. ತುಟಿಗೆ ತಾಗಿದರೆ ಗೊತ್ತಾಗುತ್ತದೆ. ಆ ಉಪ್ಪು ಚರ್ಮದ ಮೇಲೆ ತೆಳು ಪದರವಾಗಿ ಉಳಿದು ಬೆವರು ಬೇಗ ಆರದಂತೆ ತಡೆಯುವುದರಿಂದ ಹೊರಗೆ ಬಂದು ಗಂಟೆ ಕಳೆದರೂ ಮೈ ಬೆಚ್ಚಗಿರುತ್ತದೆ. ಚರ್ಮ ಸೂಕ್ಷ್ಮವಲ್ಲದವರು ಕೊನೆಯಲ್ಲಿ ಶವರ್‌ನಿಂದ ತೊಳೆದುಕೊಳ್ಳದೆ ಹಾಗೇ ಒರೆಸಿಕೊಳ್ಳಿ. ಹಿಂಡಿದ ಸಣ್ಣ ಟವೆಲಿನಿಂದ ಮೈ ಒರೆಸಿಯೇ ಬಟ್ಟೆಯ ಕೋಣೆಗೆ ಕಾಲಿಡಬೇಕು, ಅಲ್ಲಿನ ನೆಲ ಒದ್ದೆಯಾಗಬಾರದು. ಕೂಡಲೇ ನೀರು ಕುಡಿಯಿರಿ. ಹೃದಯದ ತೊಂದರೆ ಅಥವಾ ತೀವ್ರ ರಕ್ತದೊತ್ತಡವಿದ್ದವರು ವೈದ್ಯರನ್ನು ಕೇಳಿಕೊಂಡೇ ಹೊರಡಬೇಕು. ಕುಡಿದ ಮೇಲೆ, ಊಟವಾದ ಕೂಡಲೇ ಯಾರೂ ಇಳಿಯಬಾರದು.

ಹೊಕ್ಕಾವಾ, ಅತಾಗಾವಾಗಳಲ್ಲಿ ಮನೆಯ ಸ್ನಾನವಲ್ಲದೆ ತೀರದಲ್ಲೇ ಊರಿನ ಬಯಲು ಕೊಳಗಳಿವೆ: ಹೊಕ್ಕಾವಾದಲ್ಲಿ ಕುರೊನೆಇವಾ, ಅತಾಗಾವಾದಲ್ಲಿ ತಕಾಇಸೊ. ಅಲೆ ದೊಡ್ಡದಾದ ದಿನ ಮುಚ್ಚುತ್ತಾರೆ. ಕುರೊನೆಇವಾ ಗಂಡಸರು ಹೆಂಗಸರಿಗೆ ಒಟ್ಟಿಗೇ ಇರುವ ಕೊಳವಾದ್ದರಿಂದ ಹೆಂಗಸರ ಹೊತ್ತು ಯಾವುದೆಂದು ನಿಮ್ಮ ಮನೆಯವರಲ್ಲೇ ಕೇಳಿ.

ಊಟ

ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಕೆಳಗಿಳಿಯಿರಿ. ಇನಾತೊರಿಯ ಹೆಸರು ಇರುವುದು ಕಿನ್ಮೆದಾಯಿ ಮೀನಿಗೆ. ಕೆಂಪು ಮೈ, ಹೊಳೆಯುವ ದೊಡ್ಡ ಕಣ್ಣು. ಸೋಯಾ ಸಾಸ್, ಸಾಕೆ ಎಂಬ ಅಕ್ಕಿಯ ಮದ್ಯ, ಮಿರಿನ್ ಎಂಬ ಅಡುಗೆಯ ಸಿಹಿ ಮದ್ಯ, ಸಕ್ಕರೆ, ಶುಂಠಿ ಹಾಕಿ ಇಡೀ ಮೀನನ್ನು ಬೇಯಿಸಿ ತಂದಿಡುತ್ತಾರೆ, ರಸ ಕಂದುಬಣ್ಣಕ್ಕೆ ತಿರುಗಿ ಮೀನಿನ ಮೇಲೆ ಅಂಟಿಕೊಂಡಿರುತ್ತದೆ. ತಲೆಯ ಹಿಂಭಾಗದಿಂದ ಬಾಲದ ಕಡೆಗೆ ಮೇಲಿನ ಮಾಂಸ ಬಿಡಿಸಿ ತಿನ್ನಿ. ಒಂದು ಬದಿ ಮುಗಿದ ಮೇಲೆ ಮೀನನ್ನು ಮಗುಚಬೇಡಿ. ನಡುಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗಿನದನ್ನು ತಿನ್ನುವುದು ಕ್ರಮ. ಕೆನ್ನೆಯ ಮಾಂಸ ಬಿಡಬೇಡಿ, ಅದೇ ಎಲ್ಲಕ್ಕಿಂತ ಮೃದು. ತಟ್ಟೆಯಲ್ಲಿ ಉಳಿದ ರಸಕ್ಕೆ ಅನ್ನ ಕೇಳಿ ಪಡೆದುಕೊಳ್ಳಿ. ಹಸಿ ಮೀನು ಒಗ್ಗದಿದ್ದರೆ ಬುಕ್ ಮಾಡುವಾಗಲೇ ತಿಳಿಸಿದ್ದರೆ ಸುಟ್ಟು ಕೊಡುತ್ತಾರೆ. ಇಜುವಿನ ಬೆಟ್ಟಗಳಲ್ಲಿ ವಾಸಾಬಿ ಎಂಬ ಖಾರದ ಗೆಡ್ಡೆ ಬೆಳೆಯುತ್ತಾರೆ, ಅದನ್ನು ಆಗಲೇ ತುರಿದು ಕೊಟ್ಟರೆ ಟ್ಯೂಬಿನ ವಾಸಾಬಿ ಮರೆತುಹೋಗುತ್ತದೆ. ತಿನ್ನುವ ಮೊದಲು ‘ಇತಾದಾಕಿಮಾಸು’, ಮುಗಿಸಿದ ಮೇಲೆ ‘ಗೊಚಿಸೋಸಾಮಾ’. ಅಡುಗೆಮನೆಗೆ ಕೇಳಿಸುವ ಹಾಗೆ ಹೇಳಿ.

ರಾತ್ರಿ, ಬೆಳಗು, ಹೊರಡುವುದು

ರ್ಯೋಕಾನ್‌ನಲ್ಲಿ ನೀವು ಊಟಕ್ಕೆ ಹೋದಾಗ ಹಾಸಿಗೆ ಹಾಸಿಡುತ್ತಾರೆ. ಮಿನ್ಶುಕುವಿನಲ್ಲಿ ನೀವೇ ಹಾಸಿಕೊಳ್ಳಬೇಕು: ಜಾರುಬಾಗಿಲಿನ ಕಪಾಟಿನಿಂದ ದಪ್ಪ ಹಾಸಿಗೆ, ಅದರ ಮೇಲೆ ಬಿಳಿ ಹೊದಿಕೆ, ಮೇಲೆ ಹೊದೆಯುವ ರಜಾಯಿ. ದಿಂಬಿನಲ್ಲಿ ಸೋಬಾ ಎಂಬ ಧಾನ್ಯದ ಹೊಟ್ಟು ತುಂಬಿದ್ದರೆ ತಿರುಗಿದಾಗಲೆಲ್ಲ ಸರಬರ ಎನ್ನುತ್ತದೆ, ಹೆದರಬೇಡಿ. ಗೋಡೆಗಳು ತೆಳು. ಊರಿಗೆ ವಿಡಿಯೋ ಕಾಲ್ ಮಾಡುವುದಿದ್ದರೆ ಒಂಬತ್ತರೊಳಗೆ ಮುಗಿಸಿ.

ಮಲಗುವ ಮೊದಲು ಇನ್ನೊಂದು ಸ್ನಾನ, ಬೆಳಿಗ್ಗೆ ಮತ್ತೊಂದು. ಸಂಜೆಯೇ ಒಕಾಮಿಯವರನ್ನು ಎರಡು ವಿಷಯ ಕೇಳಿಟ್ಟುಕೊಳ್ಳಿ. ಬೆಳಿಗ್ಗೆ ಕೊಳ ಎಷ್ಟಕ್ಕೆ ತೆರೆಯುತ್ತದೆ? ಗಂಡಸರ, ಹೆಂಗಸರ ಕೊಳ ರಾತ್ರಿ ಅದಲುಬದಲಾಗುತ್ತದೆಯೇ? ಹಲವು ಮನೆಗಳಲ್ಲಿ ಪರದೆ ಬದಲಿಸುತ್ತಾರೆ, ನಿನ್ನೆಯ ಬಾಗಿಲಿಗೆ ನಿದ್ದೆಗಣ್ಣಿನಲ್ಲಿ ನುಗ್ಗಿದರೆ ಫಜೀತಿ. ಸೂರ್ಯ ಹುಟ್ಟುವುದು ಜೂನ್‌ನಲ್ಲಿ ನಾಲ್ಕೂವರೆಗೆ, ಜನವರಿಯಲ್ಲಿ ಏಳಕ್ಕೆ ಹತ್ತು ನಿಮಿಷವಿರುವಾಗ. ಚಳಿಗಾಲದಲ್ಲಿ ಹೋಗಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ಆರಕ್ಕೆ ತೆರೆಯುವ ಕೊಳದಲ್ಲಿ ಕತ್ತಲಿರುವಾಗಲೇ ಇಳಿದು, ಇಜು ಓಶಿಮಾ ದ್ವೀಪದ ಬೆನ್ನು ಮೊದಲು ಕಪ್ಪಗೆ, ಆಮೇಲೆ ಬೂದಿಬಣ್ಣಕ್ಕೆ ಬರುವುದನ್ನು ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಕೂತು ನೋಡಬಹುದು. ಇದಕ್ಕಾಗಿಯೇ ಇಷ್ಟು ದೂರ ಹೋಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಳಗಿನ ಊಟ ಏಳೂವರೆ ಎಂಟಕ್ಕೆ: ಸುಟ್ಟ ಒಣಮೀನು, ಹುದುಗಿಸಿದ ಸೋಯಾದ ಮಿಸೊ ಸಾರು, ಅನ್ನ, ಉಪ್ಪಿನಕಾಯಿ. ಹಾಸಿಗೆಯನ್ನು ಮೂರು ಮಡಿಕೆಯಾಗಿ ಮಡಚಿಟ್ಟರೆ ಸಾಕು, ಕಪಾಟಿಗೆ ತುರುಕಬೇಕಿಲ್ಲ. ಹತ್ತಕ್ಕೆ ಕೋಣೆ ಬಿಡಬೇಕು. ಲೆಕ್ಕದಲ್ಲಿ ಸ್ನಾನ ತೆರಿಗೆ ಎಂದು ತಲೆಗೆ ಸಾಮಾನ್ಯವಾಗಿ 150 ಯೆನ್ ಸೇರಿರುತ್ತದೆ, ಕೆಲವು ಊರುಗಳಲ್ಲಿ ವಾಸದ ತೆರಿಗೆಯೂ ಇದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ‘ಒಸೆವಾ ನಿ ನರಿಮಾಶಿತಾ’ ಎಂದು ಹೇಳಿ ಹೊರಡಿ. ಮತ್ತೆ ಬರುವ ಮನಸ್ಸಾದರೆ ಮನೆಯ ಕಾರ್ಡ್ ಕೇಳಿ ಪಡೆದು, ಮುಂದಿನ ಸಲ ನೇರವಾಗಿ ಅವರಿಗೇ ಫೋನ್ ಮಾಡಿ. ಬುಕ್ಕಿಂಗ್ ತಾಣಗಳಿಗೆ ಹೋಗುವ ಕಮಿಷನ್ ಆ ಮನೆಯವರಲ್ಲೇ ಉಳಿಯುತ್ತದೆ. ವಾಪಸ್ ರೈಲಿನಲ್ಲಿ ಸಮುದ್ರ ಬಲಗಡೆ. ಕಿಟಕಿಗೆ ಮುಖ ಮಾಡಿದ ಸೀಟುಗಳಿರುವ ಲೋಕಲ್ ಗಾಡಿಗಳೂ ಇಜು ಕ್ಯೂಕೊದಲ್ಲಿ ಓಡುತ್ತವೆ, ಹೆಚ್ಚಿನ ಹಣವಿಲ್ಲ. ಅದರ ಹೊತ್ತನ್ನು ಸ್ಟೇಷನ್ನಿನಲ್ಲಿ ಕೇಳಿಕೊಳ್ಳಿ.